ಸಂಧಿವಾತಕ್ಕೆ ಮಾತ್ರೆಯ ಜೊತೆಗೆ ಇನ್ನೇನು? ನಿಮ್ಮ ದೇಹಕ್ಕೆ ಒಗ್ಗುವುದನ್ನು ಕಂಡುಕೊಳ್ಳುವ ಬಗೆ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಸಂಧಿವಾತ ಇದು. ಗಣಿತ ಪಾಠ ಮಾಡುವವಳು ನಾನು. ದಿನವಿಡೀ ಬೋರ್ಡಿನ ಮೇಲೆ ಬರೆಯುವ ಕೈಯ ಗೆಣ್ಣುಗಳಲ್ಲೇ ಮೊದಲು ಕಾಣಿಸಿಕೊಂಡಿತು. ಈ ರೋಗ ಇದೆ ಎಂದು ಹೇಳಿದ ಕೂಡಲೇ ಎಲ್ಲರ ಬಳಿಯೂ ಒಂದು ಉಪಾಯ ಇರುತ್ತದೆ: ಅರಿಶಿನದ ಮಾತ್ರೆ, ಮೀನೆಣ್ಣೆ, ತಾಮ್ರದ ಬಳೆ, ಯೋಗ, ಅಕ್ಯುಪಂಕ್ಚರ್, ಗೋಧಿ ಬಿಡುವುದು, ಹಾಲು ಬಿಡುವುದು. ಇವುಗಳಲ್ಲಿ ಕೆಲವು ನಿಜಕ್ಕೂ ನೆರವಾಗುತ್ತವೆ, ಕೆಲವು ಏನೂ ಮಾಡುವುದಿಲ್ಲ, ಒಂದೆರಡು ದೊಡ್ಡ ಅನಾಹುತಕ್ಕೆ ದಾರಿ ಮಾಡಬಲ್ಲವು. ಹೊಸದಾಗಿ ರೋಗ ಗೊತ್ತಾದವರು "ಇದನ್ನು ಮಾಡಲಾ?" ಎಂದು ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾವ ತೊಂದರೆಗೆ? ಬೆಳಗಿನ ಬಿಗಿತಕ್ಕೋ, ಊದಿದ ಮಣಿಕಟ್ಟಿಗೋ, ಹಿಡಿತ ಸಾಲದ್ದಕ್ಕೋ, ಮಧ್ಯಾಹ್ನಕ್ಕೇ ಕುಸಿದು ಕೂರಿಸುವ ಸುಸ್ತಿಗೋ? ಒಂದಕ್ಕೆ ಒದಗುವುದು ಇನ್ನೊಂದಕ್ಕೆ ಒದಗುವುದಿಲ್ಲ. ಇದನ್ನು ಬೇರೆಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯಿತು.

ಔಷಧದ ಜಾಗ ಔಷಧಕ್ಕೆ

ಕೀಲಿನ ಒಳಪೊರೆ ಬಾತು ದಪ್ಪಗಾಗಿ, ಮೆಲ್ಲಗೆ ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯುತ್ತದೆ. ಈ ಸವೆತ ಬಹಳ ಮಂದಿಯಲ್ಲಿ ಮೊದಲ ಒಂದೆರಡು ವರ್ಷಗಳಲ್ಲೇ ಶುರುವಾಗುತ್ತದೆ, ಹೋದ ಮೂಳೆ ಹಿಂದಿನ ರೂಪಕ್ಕೆ ಮರಳುವುದಿಲ್ಲ. ಅದನ್ನು ತಡೆಯುವುದು ಮೆಥೊಟ್ರೆಕ್ಸೇಟ್, ಸಲ್ಫಾಸಲಜೈನ್, ಲೆಫ್ಲುನೊಮೈಡ್‌ನಂಥ ಔಷಧಗಳು, ಅವು ಸಾಲದಿದ್ದರೆ ರೋಗನಿರೋಧಕ ವ್ಯವಸ್ಥೆಯ ಒಂದೊಂದು ಕೊಂಡಿಯನ್ನೇ ಗುರಿಯಾಗಿಸಿ ತಡೆಯುವ ಬಯಾಲಜಿಕ್ ಚುಚ್ಚುಮದ್ದುಗಳು. ಈ ಬರಹದಲ್ಲಿ ನಾನು ಹೇಳುವ ಯಾವುದೂ ಆ ಕೆಲಸ ಮಾಡುವುದಿಲ್ಲ. ನೋವು ಇಳಿದಿದೆ ಎಂದು ಮಾತ್ರೆ ನಿಲ್ಲಿಸಿದರೆ ಒಳಗಿನ ಕೊರೆತ ಸದ್ದಿಲ್ಲದೆ ಮುಂದುವರಿಯಬಹುದು. ಇನ್ನೊಂದು ಮಾತು: ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳಬೇಕಾದದ್ದು ವಾರಕ್ಕೊಮ್ಮೆ. ದಿನವೂ ನುಂಗಿ ರಕ್ತಕಣಗಳು ಕುಸಿದು ಸತ್ತವರಿದ್ದಾರೆ. ನುಂಗುವ ದಿನದ ಹೆಸರನ್ನು ಮಾತ್ರೆಯ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಮನೆಯವರಿಗೂ ಹೇಳಿಡಿ. ಜೊತೆಗೆ ಕೊಡುವ ಫೋಲಿಕ್ ಆಮ್ಲವನ್ನು ಬಿಡಬೇಡಿ, ಬಾಯಿಹುಣ್ಣು ವಾಕರಿಕೆಗಳನ್ನು ಕಡಿಮೆ ಮಾಡುವುದು ಅದೇ.

ಪುಸ್ತಕ ಇಲ್ಲದೆ ಪ್ರಯೋಗ ಬೇಡ

ಈ ರೋಗ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ನಾವು ಹೊಸ ಉಪಾಯಕ್ಕೆ ಕೈಹಾಕುವುದು ನೋವು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಅದು ಹೇಗೂ ಇಳಿಯುವುದಿತ್ತು, ಹೆಸರು ಮಾತ್ರ ಆ ವಾರ ನುಂಗಿದ ಪುಡಿಗೆ ಬರುತ್ತದೆ. ಹಾಗಾಗಿ ಒಂದು ಸಾದಾ ನೋಟ್‌ಬುಕ್ ಇಟ್ಟುಕೊಳ್ಳಿ.

ನನ್ನದರಲ್ಲಿ ಇರುವುದು ನಾಲ್ಕು ಕಾಲಂ. ಬೆಳಿಗ್ಗೆ ಎದ್ದ ಮೇಲೆ ಬೆರಳು ಸಡಿಲವಾಗಲು ಎಷ್ಟು ನಿಮಿಷ ಹಿಡಿಯಿತು. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಸುಸ್ತು ಎಷ್ಟು. ನಾಲ್ಕನೆಯದು ಒಂದು ಕೆಲಸ: ಸೀಮೆಸುಣ್ಣ ಹಿಡಿದು ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಸಮೀಕರಣವನ್ನು ಕೈ ಇಳಿಸದೆ ಬರೆಯಲಾಯಿತೇ, ಇಲ್ಲವೇ. ನಿಮಗೆ ಅದು ಅಂಗಿಯ ಗುಂಡಿ ಹಾಕುವುದಿರಬಹುದು, ಬಾಟಲಿಯ ಮುಚ್ಚಳ ತಿರುಗಿಸುವುದಿರಬಹುದು. ಅಂಕಿಗಿಂತ ಈ ಕಾಲಂ ಹೆಚ್ಚು ಸತ್ಯ ಹೇಳುತ್ತದೆ.

ಎರಡು ವಾರ ಏನನ್ನೂ ಬದಲಿಸದೆ ಬರೆಯಿರಿ. ಆಮೇಲೆ ಒಂದೇ ಒಂದು ಹೊಸದನ್ನು ಸೇರಿಸಿ, ಅದಕ್ಕೆ ತಕ್ಕಷ್ಟು ಸಮಯ ಕೊಡಿ: ಬಿಸಿ ಶಾಖಕ್ಕೆ ಒಂದು ವಾರ ಸಾಕು, ವ್ಯಾಯಾಮಕ್ಕೂ ಮೀನೆಣ್ಣೆಗೂ ಮೂರು ತಿಂಗಳು ಬೇಕು. ಪ್ರಯೋಜನವಾಗಿದೆ ಅನ್ನಿಸಿದರೆ, ಅದು ಆಹಾರವೋ ಪೂರಕವೋ ಆಗಿದ್ದರೆ, ಕೆಲವು ವಾರ ನಿಲ್ಲಿಸಿ ತೊಂದರೆ ಮರಳುತ್ತದೆಯೇ ನೋಡಿ. ವೈದ್ಯರು ಬರೆದುಕೊಟ್ಟ ಔಷಧದ ಮೇಲೆ ಮಾತ್ರ ಈ ಪರೀಕ್ಷೆ ಬೇಡವೇ ಬೇಡ.

ಪಾದದ ನೋವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ವೈದ್ಯರು ರೋಗದ ತೀವ್ರತೆ ಅಳೆಯಲು ಬಳಸುವ ಡಿಎಎಸ್28 ಲೆಕ್ಕದಲ್ಲಿ ಭುಜ, ಮೊಣಕೈ, ಮಣಿಕಟ್ಟು, ಬೆರಳ ಗೆಣ್ಣು, ಮೊಣಕಾಲು ಸೇರಿ 28 ಕೀಲುಗಳಿವೆ, ಪಾದ ಇಲ್ಲ. ನೀವೇ ಬಾಯಿಬಿಟ್ಟು ಹೇಳದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಬೆಳಗಿನ ಬಿಗಿತ

ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಎಂಬ ಅಂಶ ರಕ್ತದಲ್ಲಿ ಏರುವುದು ನಸುಕಿನ ಹೊತ್ತಿಗೆ. ಅದಕ್ಕೇ ಏಳುವಾಗ ಕೈ ಮರದ ಹಲಗೆಯಂತಿರುತ್ತದೆ. ಇದಕ್ಕೆ ಶಾಖಕ್ಕಿಂತ ಸರಳವಾದ ಉಪಾಯ ನನಗೆ ಸಿಕ್ಕಿಲ್ಲ. ಬೋಗುಣಿಯಲ್ಲಿ ಹಿತವಾದ ಬಿಸಿನೀರು, ಎರಡೂ ಕೈ ಮಣಿಕಟ್ಟು ಮುಳುಗುವಷ್ಟು, ಹತ್ತು ಹದಿನೈದು ನಿಮಿಷ. ನೀರಿನೊಳಗೇ ಬೆರಳು ಆಡಿಸಬೇಕು. ಮೊದಲು ಐದೂ ಬೆರಳು ನೇರ. ನಂತರ ಬುಡದ ಗೆಣ್ಣು ನೇರವಾಗಿಯೇ ಇಟ್ಟು ಮೇಲಿನ ಎರಡನ್ನು ಮಡಚಿ ಕೊಕ್ಕೆಯ ಆಕಾರ. ಆಮೇಲೆ ಬುಡದ ಗೆಣ್ಣಷ್ಟೇ ಮಡಚಿ, ಬೆರಳು ನೇರವಿಟ್ಟು ಮೇಜಿನ ಆಕಾರ. ಕೊನೆಗೆ ಪೂರ್ತಿ ಮುಷ್ಟಿ, ಬಿಗಿ ಹಿಡಿಯದೆ. ಮುಷ್ಟಿ ಕಟ್ಟಿದಾಗ ಯಾವ ಬೆರಳಿನ ತುದಿ ಅಂಗೈ ಮುಟ್ಟದೆ ನಿಂತಿತು ಎಂದು ಗಮನಿಸಿ. ಉಂಗುರದ ಬೆರಳು ಹಿಂದೆ ಉಳಿದ ದಿನ ಇವತ್ತು ಬರೆಯುವ ಕೆಲಸ ಕಡಿಮೆ ಮಾಡಬೇಕು ಎಂದು ನನಗೆ ಅಲ್ಲೇ ಗೊತ್ತಾಗುತ್ತದೆ.

ಕೀಲು ಕೆಂಪಗೆ, ಬಿಸಿಯಾಗಿ ಊದಿದ್ದರೆ ಶಾಖ ಬೇಡ, ತಂಪು ಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುವ ರೇನಾಡ್ ತೊಂದರೆ ಇರುವವರು ತಂಪಿನ ಹತ್ತಿರ ಹೋಗಬಾರದು.

ಕೈಗೆ ಬಲ

ನೋವಿದ್ದಾಗ ವ್ಯಾಯಾಮ ಮಾಡಿದರೆ ಕೀಲು ಸವೆಯುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2022ರಲ್ಲಿ ರೂಪಿಸಿದ ಮಾರ್ಗಸೂಚಿಯಲ್ಲಿ ಆಹಾರ, ಯೋಗ, ನಿಧಾನ ಚಲನೆಯ ಚೀನೀ ವ್ಯಾಯಾಮವಾದ ತೈ ಚಿ, ಅಕ್ಯುಪಂಕ್ಚರ್, ಕೀಲಿಗೆ ಆಧಾರದ ಪಟ್ಟಿ ಕಟ್ಟುವುದು ಎಲ್ಲವನ್ನೂ ತೂಗಿ ನೋಡಿದ್ದಾರೆ. ಅದರಲ್ಲಿ ಖಡಾಖಂಡಿತವಾಗಿ ಶಿಫಾರಸು ಮಾಡಿದ್ದು ಒಂದನ್ನೇ: ತಪ್ಪದೆ ಮಾಡುವ ವ್ಯಾಯಾಮ. ಕೈಗೆಂದೇ ಬ್ರಿಟನ್ನಿನಲ್ಲಿ ನಡೆದ ಸಾರಾ ಎಂಬ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 490 ರೋಗಿಗಳಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಬೆರಳು ಚಾಚುವ ಮತ್ತು ಬಲ ಹೆಚ್ಚಿಸುವ ವ್ಯಾಯಾಮವನ್ನು ಮಾಡಿದವರ ಕೈ ಒಂದು ವರ್ಷದ ಬಳಿಕವೂ ಹೆಚ್ಚು ಕೆಲಸಕ್ಕೆ ಬರುತ್ತಿತ್ತು. ಮೆತ್ತನೆಯ ಜೇಡಿಯಂಥ ಥೆರಪಿ ಪುಟ್ಟಿ, ರಬ್ಬರ್ ಪಟ್ಟಿ, ಅಷ್ಟೇ ಸಾಮಾನು. ಶುರುವಿನಲ್ಲಿ ಕೈಗಳ ಬಗ್ಗೆ ತಿಳಿದ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಕಲಿಯಿರಿ. ಮಾಡಿದ ಮೇಲೆ ನೋವು ಎರಡು ಗಂಟೆ ದಾಟಿಯೂ ಉಳಿದರೆ ಮರುದಿನ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ.

ಕೀಲನ್ನು ಕಾಪಾಡಿಕೊಳ್ಳುವುದು ಇದರ ಇನ್ನೊಂದು ಮುಖ. ಈ ರೋಗದಲ್ಲಿ ಬೆರಳುಗಳು ಕಿರುಬೆರಳ ಕಡೆಗೆ ವಾಲುತ್ತಾ ಹೋಗುತ್ತವೆ. ಆ ಕಡೆಗೆ ತಳ್ಳುವ ಅಭ್ಯಾಸಗಳನ್ನು ಬಿಡಬೇಕು, ಗಲ್ಲವನ್ನು ಬೆರಳ ಮೇಲೆ ಊರಿ ಕೂರುವುದೂ ಅದರಲ್ಲೊಂದು. ಕುರ್ಚಿಯಿಂದ ಏಳುವಾಗ ಗೆಣ್ಣಿನ ಬದಲು ಅಂಗೈ ಊರಿ. ಚೀಲವನ್ನು ಬೆರಳಲ್ಲಿ ತೂಗದೆ ಮೊಣಕೈಯ ಮೇಲೆ ಹಾಕಿಕೊಳ್ಳಿ. ತೆಳ್ಳನೆಯ ಹಿಡಿ ದಪ್ಪಗಾಗಲಿ: ನಾನು ಸೀಮೆಸುಣ್ಣವನ್ನು ಹೆಬ್ಬೆರಳ ದಪ್ಪದ ಹೋಲ್ಡರ್‌ಗೆ ಸಿಕ್ಕಿಸಿ ಬರೆಯುತ್ತೇನೆ, ಪೆನ್ನಿಗೆ ಸ್ಪಂಜಿನ ಕೊಳವೆ ತೊಡಿಸಿದ್ದೇನೆ. ಚಿವುಟಿ ಹಿಡಿಯುವ ಒತ್ತಡ ಇಳಿದದ್ದು ನೋಟ್‌ಬುಕ್ಕಿನ ನಾಲ್ಕನೇ ಕಾಲಂನಲ್ಲಿ ಎದ್ದು ಕಂಡಿತು. ಮಣಿಕಟ್ಟು ಊದಿದ ದಿನ ಕೆಲಸದ ಹೊತ್ತಿಗೆ ಪಟ್ಟಿ ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿ ಕೈ ಆಡಿಸಿ.

ಆಹಾರ, ಪೂರಕಗಳು

ಪೂರಕಗಳಲ್ಲಿ ಸ್ವಲ್ಪ ಗಟ್ಟಿ ಆಧಾರ ಇರುವುದು ಮೀನೆಣ್ಣೆಯ ಒಮೆಗಾ-3ಕ್ಕೆ. ನೋವು, ಬೆಳಗಿನ ಬಿಗಿತ, ನೋವುನಿವಾರಕಗಳ ಅಗತ್ಯ ಇವು ತುಸು ಇಳಿಯುತ್ತವೆ. ಆದರೆ ಪ್ರಮಾಣ ಮುಖ್ಯ. ಅಧ್ಯಯನಗಳಲ್ಲಿ ಕೊಟ್ಟದ್ದು ಒಮೆಗಾ-3ರ ಎರಡು ಮುಖ್ಯ ಕೊಬ್ಬಿನಾಮ್ಲಗಳಾದ ಇಪಿಎ ಮತ್ತು ಡಿಎಚ್‌ಎ ಸೇರಿ ದಿನಕ್ಕೆ ಸುಮಾರು 3 ಗ್ರಾಂ, ಮೂರು ತಿಂಗಳಾದರೂ. ಸಾಮಾನ್ಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಅವೆರಡೂ ಸೇರಿ ಇರುವುದು ಸುಮಾರು 300 ಮಿಲಿಗ್ರಾಂ. ದಿನಕ್ಕೊಂದು ನುಂಗಿ "ಕೆಲಸ ಮಾಡಲಿಲ್ಲ" ಎಂದರೆ ಅದು ಪರೀಕ್ಷೆಯೇ ಆಗಲಿಲ್ಲ. ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಪ್ರಮಾಣಕ್ಕೆ ಹೋಗಬಾರದು.

ಅಡುಗೆಗೆ ಬಳಸುವ ಅರಿಶಿನಕ್ಕೂ ಅದರ ಸಾರವಾದ ಮಾತ್ರೆಯ ರೂಪದ ಕರ್ಕ್ಯುಮಿನ್‌ಗೂ ಬಹಳ ಅಂತರ. ಸಣ್ಣ ಅಧ್ಯಯನಗಳಲ್ಲಿ ನೋವು ಇಳಿದದ್ದುಂಟು. ಆದರೆ ಹೀರಿಕೆ ಹೆಚ್ಚಿಸಲು ಮೆಣಸಿನ ಪೈಪರಿನ್ ಸೇರಿಸಿದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಮೆಥೊಟ್ರೆಕ್ಸೇಟ್ ಕೂಡ ಯಕೃತ್ತಿನ ಮೇಲೆ ಕಣ್ಣಿಡಬೇಕಾದ ಔಷಧವೇ. ಎರಡೂ ಸೇರಿ ರಕ್ತಪರೀಕ್ಷೆಯಲ್ಲಿ ಎನ್ಜೈಮ್ ಏರಿದರೆ, ತಪ್ಪು ಯಾವುದರದು ಎಂದು ತಿಳಿಯದೆ ಬೇಕಾದ ಔಷಧವನ್ನೇ ನಿಲ್ಲಿಸಬೇಕಾಗಬಹುದು. ನಾನು ಇದನ್ನು ತೆಗೆದುಕೊಳ್ಳುವುದಿಲ್ಲ.

ಆಹಾರದಲ್ಲಿ ತರಕಾರಿ, ಕಾಳು, ಹಣ್ಣು, ಬೀಜ, ಆಲಿವ್ ಎಣ್ಣೆ, ಮೀನು ಹೆಚ್ಚಿರುವ ಮೆಡಿಟರೇನಿಯನ್ ಬಗೆಯನ್ನು 2022ರ ಮಾರ್ಗಸೂಚಿಯೂ ಒಪ್ಪುತ್ತದೆ. ಯಾವುದೋ ಒಂದು ಆಹಾರ ನಿಮಗೆ ಆಗುವುದಿಲ್ಲ ಅನ್ನಿಸಿದರೆ ಅದೊಂದನ್ನೇ ಕೆಲವು ವಾರ ಬಿಟ್ಟು, ಮತ್ತೆ ತಿಂದು, ಬರೆದುಕೊಂಡು ನೋಡಿ. ಹತ್ತನ್ನು ಒಟ್ಟಿಗೆ ಬಿಟ್ಟರೆ ಉತ್ತರವೂ ಸಿಗದು, ಮೈಯ ಸ್ನಾಯುವೂ ಕರಗುತ್ತದೆ. ತಾಮ್ರದ ಬಳೆಯನ್ನು 70 ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನೋವಿಗೂ ಊತಕ್ಕೂ ಅದರಿಂದ ಏನೂ ಆಗಲಿಲ್ಲ.

ಧೂಮಪಾನ ಮಾತ್ರ ಬೇರೆಯೇ ತೂಕದ್ದು. ಅದು ಈ ರೋಗವನ್ನು ತರುವ ಕಾರಣಗಳಲ್ಲೊಂದು, ಸಾಲದ್ದಕ್ಕೆ ಮೆಥೊಟ್ರೆಕ್ಸೇಟಿನ ಪರಿಣಾಮವನ್ನೂ ತಗ್ಗಿಸುತ್ತದೆ. ಸೇದುವವರಿಗೆ ಯಾವ ಪೂರಕಕ್ಕಿಂತಲೂ ಮೊದಲು ಹೇಳಬೇಕಾದ್ದು ಇದು. ವಸಡಿನ ರೋಗಕ್ಕೂ ಇದಕ್ಕೂ ನಂಟಿದೆ, ಹಲ್ಲಿನ ವೈದ್ಯರನ್ನೂ ಕಂಡುಬನ್ನಿ.

ಸುಸ್ತು, ನಿದ್ದೆ, ಮನಸ್ಸು

ಈ ಸುಸ್ತು ಸೋಮಾರಿತನವಲ್ಲ, ಉರಿಯೂತದ್ದೇ ಭಾಗ. ರಕ್ತಹೀನತೆ, ಥೈರಾಯ್ಡ್, ನಿದ್ದೆ, ಖಿನ್ನತೆ ಇವನ್ನು ಮೊದಲು ಪರೀಕ್ಷಿಸಿಕೊಳ್ಳಿ. ಕೆಲಸವನ್ನು ತುಂಡು ಮಾಡಿ, ಸುಸ್ತಾಗುವ ಮೊದಲೇ ಕೂರಿ. ನಾನು ಬರೆಯುವ ಪಾಠದ ನಂತರ ಬಾಯಲ್ಲಿ ಬಿಡಿಸುವ ಲೆಕ್ಕಗಳ ಪಾಠ ಇಟ್ಟುಕೊಳ್ಳುತ್ತೇನೆ. ನಡಿಗೆ, ತೈ ಚಿ, ನಿಧಾನದ ಯೋಗ, ಯೋಚನೆ, ಅಭ್ಯಾಸಗಳನ್ನು ಮಾತುಕತೆಯಿಂದ ತಿದ್ದುವ ಅರಿವು-ವರ್ತನೆ ಚಿಕಿತ್ಸೆ (ಸಿಬಿಟಿ) ಇಲ್ಲಿ ಕೈಹಿಡಿಯುತ್ತವೆ. ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ನೋವು ಇಳಿಯುತ್ತದೆ, ಒಮ್ಮೆ ಬಳಸಿ ಎಸೆಯುವ ಸೂಜಿ ಇದ್ದರೆ ಮಾತ್ರ ಕೂರಿ.

ಕೀಲುರೋಗದ ಬಗೆ ಬದಲಾದರೆ ಒತ್ತು ಕೊಡಬೇಕಾದ್ದೂ ಬದಲಾಗುತ್ತದೆ. ಬೆನ್ನುಮೂಳೆಯ ಕೀಲು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ವಿಶ್ರಾಂತಿಯಿಂದ ನೋವು ಹೆಚ್ಚುತ್ತದೆ, ಬೆನ್ನು ನೇರವಾಗಿಡುವ ನಿತ್ಯದ ವ್ಯಾಯಾಮವೇ ಅಲ್ಲಿ ಮುಖ್ಯ. ಸೋರಿಯಾಸಿಸ್ ಜೊತೆಗೆ ಬರುವ ಸಂಧಿವಾತದಲ್ಲಿ ಮೈತೂಕ ಇಳಿಸಿದರೆ ಔಷಧವೂ ಚೆನ್ನಾಗಿ ಹತ್ತುತ್ತದೆ.

ಇವುಗಳಿಂದ ದೂರ

ರುಮಟಾಯ್ಡ್ ಹಳೆಯದಾದವರಲ್ಲಿ ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲಾಗಿರಬಹುದು. ಅಂಥ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸಿದರೆ ಬೆನ್ನುಹುರಿಗೆ ಪೆಟ್ಟು ಬೀಳುತ್ತದೆ. ಕುತ್ತಿಗೆ ತಿರುಚುವ ಚಿಕಿತ್ಸೆ ಬೇಡ, ಶೀರ್ಷಾಸನ ಸರ್ವಾಂಗಾಸನ ಬೇಡ. ತಲೆಯ ಹಿಂಭಾಗದ ನೋವು, ಕೈಕಾಲು ಜೋಮು ಇದ್ದರೆ ಕುತ್ತಿಗೆಯ ಎಕ್ಸ್‌ರೇ ಕೇಳಿ. ಯೋಗ ಕಲಿಸುವವರಿಗೆ ಮೊದಲ ದಿನವೇ ಇದನ್ನು ಹೇಳಿ.

"ಇಮ್ಯೂನಿಟಿ ಹೆಚ್ಚಿಸುತ್ತದೆ" ಎಂದು ಮಾರುವ ಎಕಿನೇಶಿಯ, ಅಶ್ವಗಂಧದಂಥ ಗಿಡಮೂಲಿಕೆಗಳನ್ನು ನಾನು ಮುಟ್ಟುವುದಿಲ್ಲ. ನಮ್ಮ ತೊಂದರೆ ಆ ಶಕ್ತಿ ಕಡಿಮೆಯಾದದ್ದರಿಂದ ಬಂದಿಲ್ಲ. ಒಂದೆರಡೇ ದಿನದಲ್ಲಿ ನೋವು ಮಾಯ ಮಾಡುವ ಪುಡಿ, ಮಾತ್ರೆ ಸಿಕ್ಕರೆ ಅನುಮಾನಿಸಿ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕೀಲುನೋವಿನ ಪೂರಕವೆಂದು ಮಾರುತ್ತಿದ್ದ ಸರಕಿನಲ್ಲಿ ಲೇಬಲ್ಲಿನಲ್ಲಿ ಇಲ್ಲದ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮತ್ತು ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಪತ್ತೆ ಮಾಡಿ ಎಚ್ಚರಿಸಿತು. ಇಂಥದನ್ನು ಬಹಳ ದಿನ ನುಂಗಿ ತಟ್ಟನೆ ನಿಲ್ಲಿಸುವುದೂ ಅಪಾಯ, ದೇಹ ತನ್ನ ಸ್ಟೀರಾಯ್ಡ್ ತಯಾರಿಯನ್ನು ನಿಲ್ಲಿಸಿರುತ್ತದೆ. ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ.

ಭೇಟಿಯ ದಿನ ನಾನು ಒಯ್ಯುವುದು ನೋಟ್‌ಬುಕ್ ಮತ್ತು ನುಂಗುವ, ಹಚ್ಚುವ ಎಲ್ಲದರ ಪಟ್ಟಿ. ಹಿಂದೊಮ್ಮೆ ಒಬ್ಬ ವೈದ್ಯರು ಪೂರಕಗಳ ಹೆಸರೆತ್ತಿದ ಕೂಡಲೇ ಗದರಿದ್ದರು. ಆಮೇಲೆ ಕೇಳಿಸಿಕೊಳ್ಳುವವರನ್ನು ಹುಡುಕಿಕೊಂಡೆ, ನೀವೂ ಹುಡುಕಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ತಿಂಗಳುಗಳ ಮೊದಲೇ ತಿಳಿಸಬೇಕು, ಮೆಥೊಟ್ರೆಕ್ಸೇಟ್ ಆಗ ನಿಲ್ಲಲೇಬೇಕು. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಕೆಂಡದಂತೆ ಸುಡುತ್ತಿದ್ದರೆ, ಅಥವಾ ಬಯಾಲಜಿಕ್ ತೆಗೆದುಕೊಳ್ಳುವಾಗ ಜ್ವರ ಬಂದರೆ, ಅದನ್ನು ರೋಗದ ಏರಿಕೆ ಎಂದುಕೊಂಡು ಮನೆಯಲ್ಲಿ ಕೂರಬೇಡಿ. ಸೋಂಕಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.