ದಪ್ಪ ದಿಮ್ಮಿ ಸೀಳೋದು ಹೇಗೆ: ನಡುವಿಗೆ ಹೊಡೀಬೇಡಿ, ಅಂಚಿಂದ ಬನ್ನಿ

ಶಿವರಾತ್ರಿ ಕಳೀತು ಅಂದ್ರೆ ತೀರ್ಥಹಳ್ಳಿ ಸುತ್ತಮುತ್ತ ನಮ್ಮ ಕಡೆ ಎಲ್ಲಾ ಮನೆ ಹಿತ್ಲಲ್ಲೂ ಸೌದೆ ಒಡೆಯೋ ಸದ್ದು ಶುರು. ಜೂನ್‌ನಲ್ಲಿ ಮಳೆ ಹಿಡ್ಕೊಂಡ್ರೆ ಆಮೇಲೆ ನಾಲ್ಕು ತಿಂಗ್ಳು ಒಂದು ಕಡ್ಡಿನೂ ಒಣಗಲ್ಲ, ಪಕ್ಕದ ಆಗುಂಬೆಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯೋ ಮಳೆ ಅದು. ಹಾಗಾಗಿ ಬಚ್ಚಲು ಹಂಡೆಗೆ, ಮುಂದೆ ಸುಗ್ಗಿಲಿ ಅಡಿಕೆ ಬೇಯ್ಸೋಕೆ, ದಿನದ ಅಡುಗೆಗೆ ಬೇಕಾದ ಸೌದೆಯಷ್ಟೂ ಮೇ ಮುಗಿಯೋದ್ರೊಳಗೆ ಒಡೆದು ಕೊಟ್ಟಿಗೆ ಸೇರಿರಬೇಕು. ಮುಂಚೆ ಇದಕ್ಕೆ ಅಂತಾನೇ ಆಳು ಬರ್ತಿದ್ರು, ವಾರ ಹತ್ತು ದಿನ ಇದ್ದು ವರ್ಷದ ಸೌದೆ ಒಡೆದು ಹೋಗ್ತಿದ್ರು, ಈಗ ಅವ್ರಿಗೂ ವಯಸ್ಸಾಯ್ತು, ಅವ್ರ ಮಕ್ಕಳು ಬೇರೆ ಕೆಲ್ಸ ಹಿಡಿದ್ರು, ಕೊಡಲಿ ಮನೆಯವ್ರ ಕೈಗೇ ಬಂತು.

ಹೋದ ವರ್ಷ ನಮ್ಮ ತಮ್ಮನ ಮಗ ಬೆಂಗಳೂರಿಂದ ಲ್ಯಾಪ್‌ಟಾಪ್ ತಗೊಂಡು ಊರಿಗೆ ಬಂದಿದ್ದ, "ದೊಡ್ಡಪ್ಪ, ನೀವು ಕೂತ್ಕೊಳ್ಳಿ, ನಾನು ಒಡೀತೀನಿ" ಅಂದ. ಎರಡಡಿ ಅಗಲದ ಅಕೇಶಿಯಾ ದಿಮ್ಮಿ ನಿಲ್ಲಿಸಿ ಸರಿಯಾಗಿ ನಡುವಿಗೆ ಗುರಿ ಇಟ್ಟು ಬೀಸಿದ, ಕೊಡಲಿ ಕಚ್ಕೊಂಡು ಕೂತ್ಕೊಳ್ತು, ಕಿತ್ತು ಮತ್ತೆ ಬೀಸಿದ, ಮತ್ತೆ ಕಚ್ಕೊಳ್ತು. ಅರ್ಧ ಗಂಟೆ ಆದ್ಮೇಲೆ ದಿಮ್ಮಿ ತಲೆ ಮೇಲೆಲ್ಲ ಗಾಯ, ಒಂದು ಹೋಳೂ ಬಿದ್ದಿಲ್ಲ, ಎರಡೂ ಅಂಗೈಲಿ ಬೊಬ್ಬೆ. ಹುಡುಗನಿಗೆ ಶಕ್ತಿ ಕಮ್ಮಿ ಅಲ್ಲ. ಎಲ್ಲಿ ಹೊಡೀಬೇಕು ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಇದೇ ತಪ್ಪನ್ನ ಎಷ್ಟೋ ಮನೇಲಿ ನೋಡಿದೀನಿ, ಅದಕ್ಕೇ ಬರೀತಿದೀನಿ.

ಮೊದ್ಲು ಸಾಮಾನು. ಮರ ಕಡಿಯೋ ಕೊಡಲಿ ಬೇರೆ, ಸೀಳೋ ಕೊಡಲಿ ಬೇರೆ. ಕಡಿಯೋದು ತೆಳ್ಳಗಿರತ್ತೆ, ಎಳೆಯನ್ನ ಅಡ್ಡ ಕತ್ತರಿಸೋಕೆ ಮಾಡಿದ್ದು. ಸೀಳೋದಕ್ಕೆ ಬಾಯಿಂದ ಹಿಂದೆ ಕೆನ್ನೆ ಉಬ್ಬಿರಬೇಕು, ಒಳಗೆ ಇಳಿದ ಹಾಗೆ ಮರವನ್ನ ಎರಡೂ ಕಡೆ ತಳ್ಳೋದು ಆ ಉಬ್ಬೇ. ತೆಳ್ಳಗಿನ ಕೊಡಲಿಲಿ ಸೀಳೋಕೆ ಹೋದ್ರೆ ದಿನವಿಡೀ ಕೀಳೋದೇ ಕೆಲ್ಸ. ತಲೆ ಎರಡರಿಂದ ಎರಡೂವರೆ ಕೆಜಿ ಇದ್ರೆ ಸಾಕು, ನಾಲ್ಕು ಕೆಜಿದು ತಗೊಂಡು ಹತ್ತು ಏಟಿಗೆ ಭುಜ ಸೋತು ಹೋಗೋದಕ್ಕಿಂತ ಹಗುರದ್ದನ್ನ ವೇಗವಾಗಿ ಬೀಸೋದು ವಾಸಿ, ಯಾಕಂದ್ರೆ ತೂಕ ಎರಡರಷ್ಟಾದ್ರೆ ಏಟಿನ ಶಕ್ತಿ ಎರಡರಷ್ಟಾಗತ್ತೆ, ವೇಗ ಎರಡರಷ್ಟಾದ್ರೆ ನಾಲ್ಕರಷ್ಟು. ನನ್ನ ಕೇಳಿದ್ರೆ ಕುಲುಮೆಲಿ ಲಾರಿ ಪಟ್ಟೆ ಕಾಯ್ಸಿ ಮಾಡ್ಸಿದ ಕೊಡಲಿಯೇ ಸೈ, ಕಾವು ದಡಸಲು ಮರದ್ದು, ಮೂರಡಿಗೆ ಚೂರು ಕಮ್ಮಿ. ದಡಸಲು ಬಾಗತ್ತೆ, ಏಟಿನ ಅದುರು ನುಂಗ್ಕೊಳ್ಳತ್ತೆ. ಕಬ್ಬಿಣದ ಪೈಪು ವೆಲ್ಡ್ ಮಾಡಿರೋ ಕಾವು ಗಟ್ಟಿನೇ, ಆದ್ರೆ ಸಂಜೆ ಹೊತ್ತಿಗೆ ಮೊಣಕೈ ನೋಯತ್ತೆ. ಕಾವು ಸಡಿಲ ಆದ್ರೆ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡೋದು ಎಲ್ರೂ ಮಾಡೋ ಉಪಾಯ, ದಯವಿಟ್ಟು ಮಾಡಬೇಡಿ, ಆ ದಿನ ಉಬ್ಬಿ ಬಿಗಿಯಾಗತ್ತೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ, ತಲೆ ಯಾವಾಗ ಹಾರತ್ತೆ ಹೇಳೋಕಾಗಲ್ಲ. ತಲೆ ತೂತಲ್ಲಿ ಕಾವಿನ ತುದಿಗೆ ಹೊಸ ಬೆಣೆ ಹೊಡೀರಿ.

ಇದರ ಜೊತೆ ಕಬ್ಬಿಣದ ಬೆಣೆ ಕಮ್ಮಿ ಅಂದ್ರೂ ಎರಡು, ಮೂರಿದ್ರೆ ಚೆನ್ನ, ಹೊಡೆಯೋಕೆ ಮೂರು ನಾಲ್ಕು ಕೆಜಿ ಸುತ್ತಿಗೆ, ಕಣ್ಣಿಗೆ ವೆಲ್ಡಿಂಗ್ ಅಂಗಡಿಲಿ ಸಿಗೋ ಬಿಳಿ ಕನ್ನಡಕ, ಕಾಲಿಗೆ ಬೂಟು. ಹವಾಯಿ ಚಪ್ಪಲಿ ಹಾಕ್ಕೊಂಡು ಸೌದೆ ಒಡೆಯೋರನ್ನ ಕಂಡ್ರೆ ನಂಗೆ ನಿಲ್ಲೋಕಾಗಲ್ಲ. ಇನ್ನು ಡ್ರಿಲ್ ಮಷಿನ್ ತುದಿಗೆ ಸಿಕ್ಕಿಸೋ ಸ್ಕ್ರೂ ಥರದ ಮೊನೆ ಒಂದು ಆನ್‌ಲೈನ್‌ನಲ್ಲಿ ಮಾರ್ತಾರೆ, ವಿಡಿಯೋದಲ್ಲಿ ಬೆಣ್ಣೆ ಥರ ಸೀಳತ್ತೆ. ಕೈ ಗಾತ್ರದ ಮೆತ್ತನೆ ಮರಕ್ಕೆ ಸರಿ ಇರಬಹುದು, ನಮ್ಮ ಗಟ್ಟಿ ಮರಕ್ಕೆ ಹಾಕಿದ್ರೆ ಮೊನೆ ಕಚ್ಕೊಂಡು ಡ್ರಿಲ್ಲೇ ತಿರುಗಿ ಮಣಿಕಟ್ಟು ತಿರುಚತ್ತೆ. ದುಡ್ಡು ದಂಡ.

ಮರ ಯಾವುದು ಅನ್ನೋದರ ಮೇಲೆ ಅರ್ಧ ಕೆಲ್ಸ ನಿಂತಿದೆ. ಸಿಲ್ವರ್ ಓಕ್, ಗಾಳಿ ಮರ ಸಲೀಸು. ಅಕೇಶಿಯಾ ಚೂರು ಹಸಿ ಇದ್ದಾಗ ಒಳ್ಳೇದು. ನೀಲಗಿರಿ ಕಡಿದ ವಾರದಲ್ಲೇ ಒಡೆದ್ಬಿಡಿ, ಅದರ ಎಳೆ ತಿರುಚ್ಕೊಂಡು ಬೆಳೆದಿರತ್ತೆ, ಒಣಗಿದ್ರೆ ಕೊಡಲಿ ಹತ್ತಲ್ಲ. ಹುಣಸೆ ಬುಡ ಕೈಯಲ್ಲಿ ಸೀಳೋ ಆಸೆ ಬಿಡಿ, ಮಾಂಸದಂಗಡಿಲಿ ಕಡಿಯೋ ಕೊರಡಿಗೆ ಹುಣಸೆನೇ ಇಡೋದು ಯಾಕೆ, ಎಷ್ಟು ಹೊಡೆದ್ರೂ ಸೀಳಲ್ಲ ಅಂತಾನೇ. ಹೊಳಗೇರು ಇದ್ರೆ ಮುಟ್ಟಲೇಬೇಡಿ, ಸೊನೆ ತಾಗಿದ ಕಡೆ ಮೈ ಸುಟ್ಟ ಹಾಗೆ ಗುಳ್ಳೆ ಏಳತ್ತೆ. ಮತ್ತೆ ಇದೆಲ್ಲ ಬಿದ್ದ ಮರ, ಸ್ವಂತ ಜಾಗದಲ್ಲಿ ಕಡಿಸಿದ ಮರದ ಮಾತು. ನೀಲಗಿರಿ, ಗಾಳಿ, ಸಿಲ್ವರ್ ಓಕ್ ಥರದ್ದು ಬಿಟ್ಟು ಬೇರೆ ಮರ ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಪರ್ಮಿಷನ್ ಬೇಕು.

ದಿಮ್ಮಿಯನ್ನ ಒಂದೂಕಾಲು ಅಡಿ ಉದ್ದಕ್ಕೆ ಚೈನ್ ಸಾ ಇರೋರಿಂದ ಕೊಯ್ಸಿ, ಎರಡೂ ತಲೆ ನೇರ ಇರ್ಲಿ, ಓರೆ ಕೊಯ್ದಿದ್ದು ನೆಟ್ಟಗೆ ನಿಲ್ಲಲ್ಲ.

ಆಮೇಲೆ ಅಡಿಗೆ ಒಂದು ಕೊರಡು. ಮೊಣಕಾಲಿಗಿಂತ ತಗ್ಗು ಇರ್ಬೇಕು, ಅಗಲವಾಗಿ, ಹಲಸಿಂದೋ ಹುಣಸೆದೋ ಗಂಟು ಬುಡ. ತುಂಡನ್ನ ಕೊರಡಿನ ನಡುವಲ್ಲಿ ಇಡಬೇಡಿ, ನಿಮ್ಮಿಂದ ದೂರದ ಅಂಚಿನ ಕಡೆ ಇಡಿ, ಗುರಿ ತಪ್ಪಿ ಏಟು ಹಿಂದೆ ಬಿದ್ರೂ ಕೊಡಲಿ ಕೊರಡಿಗೆ ಬೀಳತ್ತೆ, ಮೊಣಕಾಲಿಗೆ ಬರಲ್ಲ. ಕಾಲು ಭುಜದಷ್ಟು ಅಗಲ, ಒಂದು ಮುಂದೆ ಒಂದು ಹಿಂದೆ ಬೇಡ. ಕೊಡಲಿ ಇಳಿಯೋವಾಗ ಮಂಡಿ ಮಡಚಿ ನೀವೂ ಇಳೀಬೇಕು, ಆಗ ಬಾಯಿ ನೆಟ್ಟಗೆ ಕೆಳಗೆ ಹೋಗತ್ತೆ, ನಿಂತ್ಕೊಂಡೇ ಬೀಸಿದ್ರೆ ಕಮಾನು ಥರ ಸುತ್ತಿ ನಿಮ್ಮ ಕಾಲ ಕಡೆಗೇ ಬರೋದು.

ಈಗ ಮುಖ್ಯ ವಿಷಯ, ಎಲ್ರೂ ಎಡವೋದು ಇಲ್ಲೇ. ಕೊಡಲಿ ಎತ್ತೋ ಮುಂಚೆ ದಿಮ್ಮಿ ತಲೆ ಮೇಲಿನ ಧೂಳು ಅಂಗೈಲಿ ಒರ್ಸಿ, ಕೂತು ನೋಡಿ. ಕೊಯ್ದು ಎರಡು ಮೂರು ವಾರ ಬಿಸಿಲಲ್ಲಿದ್ದ ತುಂಡಾದ್ರೆ ನಡು ತಿರುಳಿಂದ ತೊಗಟೆ ಕಡೆಗೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಾಣ್ತಾವೆ. ಒಣಗೋವಾಗ ಮರ ಬಳೆ ಸುತ್ತಿನ ದಿಕ್ಕಲ್ಲಿ ಕುಗ್ಗೋದು ತಿರುಳಿಂದ ತೊಗಟೆ ದಿಕ್ಕಲ್ಲಿ ಕುಗ್ಗೋದರ ಹತ್ತತ್ರ ಎರಡರಷ್ಟು, ಅದಕ್ಕೇ ಸುತ್ತ ಎಳೆತ ತಡೀಲಾರದೆ ಚಕ್ರದ ಅರ ಥರ ಬಿರಿಯೋದು. ಆ ಬಿರುಕೇ ನಿಮ್ಮ ದಾರಿ, ಅರ್ಧ ಕೆಲ್ಸ ಬಿಸಿಲೇ ಮಾಡಿ ಇಟ್ಟಿದೆ, ಅದನ್ನ ಬಿಟ್ಟು ಪಕ್ಕದಲ್ಲಿ ಹೊಡೆದ್ರೆ ಗಟ್ಟಿ ಮರಕ್ಕೆ ಹೊಸದಾಗಿ ಬಾಯಿ ತೆಗೀಬೇಕು.

ಅಂಗೈ ಅಗಲದ ಎರಡು ಮೂರರಷ್ಟು ಇರೋ ತುಂಡಾದ್ರೆ ದೊಡ್ಡ ಬಿರುಕಿನ ಮೇಲೇ ಒಂದೇಟು, ಮುಗೀತು. ಆದ್ರೆ ಒಂದೂವರೆ ಅಡಿ ದಾಟಿದ ದಿಮ್ಮಿಗೆ ನಡು ಬಿಡಿ. ನಡುವಲ್ಲಿ ಹೊಡೆದಾಗ ಕೊಡಲಿ ಬಿಡ್ಸಬೇಕಾಗಿರೋದು ಎರಡೂ ಪಕ್ಕದ ಮುಕ್ಕಾಲು ಅಡಿ ಮರವನ್ನ, ಸುತ್ತಲೂ ಮರವೇ ಇದ್ದಾಗ ಅದು ಎತ್ತ ಸರಿಯತ್ತೆ? ಅಂಚಲ್ಲಾದ್ರೆ ಒಂದು ಪಕ್ಕ ಬರೀ ಗಾಳಿ. ಅಪ್ಪಯ್ಯ ನಂಗೆ ಕಲಿಸ್ತಾ ಹೇಳಿದ್ದು ಇಷ್ಟೇ, "ನಡು ಯಾಕೆ ಗುದ್ತೀಯ ಮಾರಾಯ, ಹಲಸಿನ ಹಣ್ಣು ಬಿಡ್ಸೋ ಹಾಗೆ ಸುತ್ತ ಬಿಡ್ಸು." ತೊಗಟೆಯಿಂದ ಮೂರು ನಾಲ್ಕು ಬೆರಳು ಒಳಗೆ, ತೊಗಟೆಗೆ ಸಮನಾಗಿ ಬಾಯಿ ಬೀಳೋ ಹಾಗೆ ಹೊಡೀರಿ. ಒಂದು ಹೋಳು ಪಕ್ಕಕ್ಕೆ ಬೀಳತ್ತೆ. ದಿಮ್ಮಿ ಸ್ವಲ್ಪ ತಿರುಗಿಸಿ, ಅಥವಾ ನೀವೇ ಸುತ್ತ ಹೋಗಿ, ಮತ್ತೊಂದು. ನಾಲ್ಕು ಕಡೆ ಬಿಡ್ಸಿದ ಮೇಲೆ ನಡುವಲ್ಲಿ ಚೌಕ ತುಂಡು ಉಳಿಯತ್ತೆ, ಈಗ ಅದು ಸಣ್ಣ ತುಂಡು, ಬಿರುಕಿನ ಮೇಲೆ ಹೊಡೆದ್ರೆ ಎರಡಾಗತ್ತೆ.

ಹೊಡೆಯೋವಾಗ ಕಣ್ಣು ಕೊಡಲಿ ಮೇಲೆ ಬೇಡ, ಬಾಯಿ ಬೀಳಬೇಕಾದ ಜಾಗದ ಮೇಲೆ ಇರ್ಲಿ. ಯಾವಾಗ್ಲೂ ನಿಮ್ಮ ಹತ್ತಿರದ ಅಂಚಿಗೆ ಗುರಿ ಇಡಿ, ಆಚೆ ಅಂಚಿಗೆ ಇಟ್ರೆ ಒಂದಿಂಚು ಹೆಚ್ಚಾದ್ರೂ ತಲೆ ದಾಟಿ ಹೋಗಿ ಕಾವು ದಿಮ್ಮಿಗೆ ಬಡಿದು ಮುರಿಯೋದು, ನಾನು ನೋಡಿದ ಮುರಿದ ಕಾವುಗಳಲ್ಲಿ ಹೆಚ್ಚಿನವು ಹೀಗೇ ಮುರಿದಿದ್ದು. ಮೊದಲ ಏಟಿಗೆ ಬೀಳ್ಲಿಲ್ಲ ಅಂದ್ರೆ ಜಾಗ ಬದಲಿಸಬೇಡಿ. ಅದೇ ಗೆರೆ ಮೇಲೆ ಎರಡನೇದು, ಮೂರನೇದು. ಅಷ್ಟರಲ್ಲಿ ಸದ್ದು ಬದಲಾಗತ್ತೆ, ಮೊದಲು ಟಕ್ ಅಂತಿದ್ದಿದ್ದು ಧೊಪ್ ಅಂತ ಟೊಳ್ಳಾಗಿ ಕೇಳತ್ತೆ, ಬಗ್ಗಿ ಕಿವಿ ಕೊಟ್ರೆ ಎಳೆಗಳು ಒಂದೊಂದಾಗಿ ಕಿರ್ ಕಿರ್ ಅಂತ ಬಿಡ್ತಿರೋದೂ ಕೇಳತ್ತೆ. ಅಲ್ಲಿಗೆ ಬಂತು, ಇನ್ನೊಂದೇಟು. ಅಕೇಶಿಯಾ ಆದ್ರೆ ಹೋಳು ಬಿಚ್ಕೊಂಡಾಗ ಒಳಗಿನ ಕಂದು ಮರ ಒದ್ದೆ ಹೊಳಪಲ್ಲಿ ಕಾಣತ್ತೆ.

ಕೊಡಲಿ ಕಚ್ಕೊಂಡ್ರೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಡಿ, ಕಾವು ಸಡಿಲ ಆಗತ್ತೆ. ಕಾವಿನ ತುದಿನ ಮೇಲೆ ಕೆಳಗೆ ಮಾಡಿ, ಬರತ್ತೆ. ಗಂಟಿದ್ದ ತುಂಡಾದ್ರೆ ಗಂಟಿಲ್ಲದ ತಲೆ ಮೇಲೆ ಬರೋ ಹಾಗೆ ನಿಲ್ಸಿ, ಗಂಟಿನ ಪಕ್ಕ ಬಿಡ್ಸೋಕೆ ನೋಡಿ. ಸಣ್ಣ ತುಂಡು ಒಂದೊಂದೇ ಎತ್ತಿ ನಿಲ್ಸಿ ಬೆನ್ನು ನೋಯ್ಸಿಕೊಳ್ಳೋರು ಹಳೇ ಜೀಪ್ ಟಯರ್ ಒಂದನ್ನ ಕೊರಡಿನ ಮೇಲೆ ಇಟ್ಟು ಅದರೊಳಗೆ ನಾಲ್ಕೈದು ತುಂಡು ನಿಲ್ಸಿ, ಒಡೆದ್ರೂ ಚದುರಲ್ಲ, ಇದು ಮಾತ್ರ ನಾನು ಒಪ್ಪೋ ಅಡ್ಡದಾರಿ.

ಅಂಚಿಂದಲೂ ಬಗ್ಗದ ದಿಮ್ಮಿಗೆ ಬೆಣೆ. ಬೆಣೆನ ನೇರ ಇಟ್ಟು ಜೋರಾಗಿ ಹೊಡೆದ್ರೆ ಪುಟಿದು ಹಾರತ್ತೆ, ಹಸಿ ಮರದಲ್ಲಂತೂ ಖಂಡಿತ. ಮೊದ್ಲು ಕೊಡಲಿಲಿ ಬಿರುಕಿನ ಮೇಲೆ ಒಂದು ಗೀರು ಮಾಡ್ಕೊಳ್ಳಿ, ಬೆಣೆ ತುದಿ ಅದರಲ್ಲಿ ಕೂರ್ಸಿ ಸಣ್ಣ ಸುತ್ತಿಗೆಲಿ ನಾಲ್ಕು ಮೆಲ್ಲನೆ ಏಟು, ತಾನಾಗೇ ನಿಲ್ಲೋವಷ್ಟು. ಪುಟೀತಾನೇ ಇದ್ರೆ ಗೀರಿಗೆ ಚಿಟಿಕೆ ಒಣ ಮಣ್ಣು ಉದುರ್ಸಿ, ಹಿಡಿತ ಬರತ್ತೆ. ಕೈ ತೆಗೆದ ಮೇಲೇ ದೊಡ್ಡ ಸುತ್ತಿಗೆ. ಅರ್ಧ ಇಳಿದ ಮೇಲೆ ಬಿರುಕು ಮುಂದೆ ಓಡಿರತ್ತೆ, ಅದೇ ಗೆರೇಲಿ ಒಂದು ಗೇಣು ದೂರ ಎರಡನೇ ಬೆಣೆ ಇಡಿ, ಅದು ಇಳಿದಾಗ ಮೊದಲ್ನೇದು ತಾನಾಗಿ ಸಡಿಲ ಆಗತ್ತೆ, ಅದನ್ನ ತೆಗೆದು ಇನ್ನೂ ಮುಂದೆ. ಒಂದೇ ಬೆಣೆ ಇಟ್ಕೊಂಡೋರು ಅದು ಸಿಕ್ಕಾಕ್ಕೊಂಡಾಗ ಕೈ ಕಟ್ಟಿ ನಿಲ್ಲೋದು ಇದಕ್ಕೇ. ಕೊನೇಲಿ ಎರಡು ಭಾಗ ಹಿಡ್ಕೊಂಡಿರೋ ನಾಲ್ಕಾರು ಎಳೆನ ಕೊಡಲಿಲಿ ಕತ್ತರಿಸಿ, ಸಂದಿಗೆ ಬೆರಳು ಹಾಕಿ ಎಳೀಬೇಡಿ.

ಬೆಣೆ ಇಲ್ಲ ಅಂತ ಕೊಡಲಿನೇ ಮರದಲ್ಲಿ ಬಿಟ್ಟು ಅದರ ಬೆನ್ನಿಗೆ ಸುತ್ತಿಗೆಲಿ ಹೊಡೆಯೋದು ತುಂಬಾ ಜನ ಮಾಡ್ತಾರೆ. ಕಾವು ಹಾಕೋ ತೂತಿನ ಗೋಡೆ ಬಿರಿಯತ್ತೆ, ಆಮೇಲೆ ಯಾವ ಕಾವೂ ನಿಲ್ಲಲ್ಲ, ಗಟ್ಟಿ ಉಕ್ಕು ಉಕ್ಕಿಗೆ ಬಡಿದಾಗ ಚೂರು ಸಿಡಿಯತ್ತೆ. ಬೆಣೆ ತಲೆನೂ ಹೊಡೆದೂ ಹೊಡೆದೂ ಅಣಬೆ ಥರ ಅಂಚು ಮಡಚ್ಕೊಳ್ಳತ್ತೆ, ಅದನ್ನ ಗ್ರೈಂಡರ್‌ಗೆ ಕೊಟ್ಟು ಸವೆಸಿ. ಹನ್ನೆರಡು ವರ್ಷದ ಹಿಂದೆ ನಾನು ನಾಳೆ ಸವೆಸಿದ್ರಾಯ್ತು ಅಂತ ಬಿಟ್ಟಿದ್ದೆ, ಆ ಅಂಚಿನ ಅಕ್ಕಿಕಾಳಷ್ಟು ಚೂರು ಸಿಡಿದು ಎಡಗೆನ್ನೆಲಿ ಹೊಕ್ಕಿತು, ಕಣ್ಣಿಂದ ಎರಡೇ ಬೆರಳು ಕೆಳಗೆ. ಆಸ್ಪತ್ರೆಲಿ ತೆಗೆದ್ರು, ಗುರುತು ಈಗ್ಲೂ ಇದೆ. ಅವತ್ತಿಂದ ಕನ್ನಡಕ ಹಾಕದೆ ಬೆಣೆ ಮುಟ್ಟಿಲ್ಲ, ಮಕ್ಕಳನ್ನ ಇಪ್ಪತ್ತಡಿ ಒಳಗೆ ಬಿಟ್ಟಿಲ್ಲ.

ಹೋಳು ಎಷ್ಟು ದಪ್ಪ ಇರ್ಬೇಕು ಅನ್ನೋದು ಒಲೆ ಮೇಲೆ. ಅಡುಗೆ ಮನೇಲಿ ನಮ್ದು ಅಸ್ತ್ರ ಒಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವ್ರು ರೂಪಿಸಿದ್ದು, ಬಾಯಿ ಚಿಕ್ಕದು, ಮಣಿಕಟ್ಟಿಗಿಂತ ದಪ್ಪದ್ದು ತುರುಕಿದ್ರೆ ಗಾಳಿ ಆಡದೆ ಹೊಗೆ. ಬಚ್ಚಲೊಲೆಗೆ ತೋಳು ದಪ್ಪ, ಅಡಿಕೆ ಬೇಯ್ಸೋ ಒಲೆಗೆ ತೊಡೆ ದಪ್ಪನೂ ನಡೆಯತ್ತೆ.

ಒಟ್ಟೋದು ಸುಲಭ. ನೆಲಕ್ಕೆ ಜಂಬಿಟ್ಟಿಗೆ ಕಲ್ಲು ಸಾಲಾಗಿಟ್ಟು ಅದರ ಮೇಲೆ, ಗೆದ್ದಲು ಹತ್ತಬಾರದು. ಗೋಡೆಗೆ ತಾಗಿಸ್ದೆ ಒಂದು ಗೇಣು ಸಂದಿ ಬಿಡಿ, ಗಾಳಿಗೂ ಆಯ್ತು, ಸಂದೀಲಿ ಟಾರ್ಚ್ ಬಿಟ್ಟು ಹಾವು ಚೇಳು ನೋಡೋಕೂ ಆಯ್ತು. ಮೇಲೆ ತಗಡು ಅಥವಾ ಶೀಟು, ಪಕ್ಕ ಪೂರ್ತಿ ಪ್ಲಾಸ್ಟಿಕ್ ಸುತ್ತಿದ್ರೆ ಒಳಗೇ ಬೆವರಿ ಬೂಸ್ಟು ಹಿಡಿಯತ್ತೆ. ತೇವ ನೂರಕ್ಕೆ 20ರ ಕೆಳಗೆ ಬಂದ್ರೆ ಚೆನ್ನಾಗಿ ಉರಿಯತ್ತೆ, ಅಳೆಯೋ ಮೀಟರ್ ಬೇಕಿಲ್ಲ, ಎರಡು ಹೋಳು ಒಂದಕ್ಕೊಂದು ತಾಗಿಸಿ ನೋಡಿ, ಒಣಗಿದ್ರೆ ಟಣ್ ಅನ್ನತ್ತೆ, ಹಸಿ ಇದ್ರೆ ದಬ್ ಅನ್ನತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಪ್ರತಿ ವರ್ಷ ಎರಡೋ ಮೂರೋ ದಿಮ್ಮಿ ಬಗ್ಗಲ್ಲ, ಕೊಂಬೆ ಕವಲೊಡೆದ ಜಾಗದ್ದು, ಎಳೆ ಎಲ್ಲಾ ದಿಕ್ಕಿಗೂ ಹೆಣ್ಕೊಂಡಿರೋದು. ಮೂರು ಬೆಣೆ ಹಾಕಿದ್ರೂ ಬಿರುಕು ಓಡಿಲ್ಲ ಅಂದ್ರೆ ಬಿಟ್ಬಿಡಿ. ನಾವು ಅದನ್ನ ಇಡಿಯಾಗಿ ಕೊಟ್ಟಿಗೆ ಮೂಲೇಲಿ ಒಣಗೋಕೆ ಹಾಕಿಡ್ತೀವಿ, ದೀಪಾವಳಿಗೆ ನೀರು ತುಂಬೋ ದಿನ ರಾತ್ರಿ ಬಚ್ಚಲೊಲೆಗೆ ಅದನ್ನೇ ಉರುಳಿಸೋದು, ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಏಳೋ ಹೊತ್ತಿಗೆ ಹಂಡೆ ನೀರು ಕುದೀತಿರತ್ತೆ, ದಿಮ್ಮಿ ಇನ್ನೂ ಅರ್ಧ ಕೆಂಪಗೆ ಇರತ್ತೆ.