ವಿದೇಶದ ವಿದ್ಯಾರ್ಥಿ ನಿಮ್ಮ ಮನೆಯಲ್ಲಿ ಇರಲು ಬಂದರೆ ಏನೇನು ಸಿದ್ಧವಿರಬೇಕು?

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಹೊರದೇಶದ ಹೈಸ್ಕೂಲು ಮಕ್ಕಳು ನಮ್ಮ ಊರುಗಳಿಗೆ ಬಂದು, ಇಲ್ಲಿನ ಮನೆಗಳಲ್ಲೇ ಉಳಿದು ಶಾಲೆಗೆ ಹೋಗುತ್ತಾರೆ. ನಮ್ಮಲ್ಲಿ ಇದನ್ನು ನಡೆಸುವ ಸಂಸ್ಥೆಗಳಲ್ಲಿ ರೋಟರಿ ಮತ್ತು ಎಎಫ್‌ಎಸ್ ಮುಖ್ಯ. ರೋಟರಿಯಲ್ಲಿ 15ರಿಂದ 19 ವರ್ಷದವರಿಗೆ ಎರಡು ಬಗೆಯ ಅವಕಾಶವಿದೆ. ಒಂದು ಪೂರ್ತಿ ಶೈಕ್ಷಣಿಕ ವರ್ಷದ್ದು, ಇನ್ನೊಂದು ಕೆಲವು ದಿನಗಳಿಂದ ಮೂರು ತಿಂಗಳವರೆಗಿನದು. ಈ ಲೇಖನ ವರ್ಷದ ವಿನಿಮಯಕ್ಕೆ ಮನೆ ಕೊಡುವವರಿಗಾಗಿ.

ಇಂಥ ಮನೆಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಉಪಚಾರದಿಂದಲೇ. ಬಂದ ಮಗುವಿಗೆ ತಟ್ಟೆ ತೊಳೆಯಲು ಬಿಡುವುದಿಲ್ಲ, ಒಂದು ಕೆಲಸ ಹೇಳುವುದಿಲ್ಲ, ತಪ್ಪು ಮಾಡಿದರೂ ನಕ್ಕು ಸುಮ್ಮನಾಗುತ್ತೇವೆ. ನಾಲ್ಕು ದಿನದ ನೆಂಟರಿಗೆ ಅದು ಸರಿ. ತಿಂಗಳು ಕಳೆಯುವಷ್ಟರಲ್ಲಿ ಮನೆಯವರಿಗೆ ಸಾಕಾಗಿರುತ್ತದೆ, ಹುಡುಗನೋ ಹುಡುಗಿಯೋ ತಾನು ಹೊರೆಯಾದೆನೇನೋ ಎಂದು ಕೋಣೆ ಸೇರಿಕೊಂಡಿರುತ್ತದೆ. ಮನೆಯ ಮಗುವಿಗೆ ಇರುವ ಕೆಲಸ, ಕಟ್ಟುಪಾಡು, ಸಲುಗೆ ಎಲ್ಲವೂ ಮೊದಲ ವಾರದಿಂದಲೇ ಈ ಮಗುವಿಗೂ ಇರಲಿ.

ಒಪ್ಪಿಕೊಳ್ಳುವ ಮುನ್ನ

ಮನೆ ಕೊಡುವವರು ರೋಟರಿ ಸದಸ್ಯರೇ ಆಗಿರಬೇಕಿಲ್ಲ. ದೊಡ್ಡ ಮನೆಯೂ ಬೇಡ. ಆದರೆ ಪ್ರತ್ಯೇಕ ಹಾಸಿಗೆ ಕಡ್ಡಾಯ. ಕೋಣೆ ಹಂಚಿಕೊಳ್ಳುವುದಾದರೆ ಹುಡುಗನಿಗೆ ಹುಡುಗ, ಹುಡುಗಿಗೆ ಹುಡುಗಿ, ಅದೂ ಹೆಚ್ಚು ಕಡಿಮೆ ಅದೇ ವಯಸ್ಸಿನವರು. ಮನೆಯವರಿಗೆ ಸಂಭಾವನೆ ಇಲ್ಲ. ವಿಮಾನದ ಖರ್ಚು, ವಿಮೆ ಮಗುವಿನ ಹೆತ್ತವರದು. ಕೈಖರ್ಚಿಗೆ ಆತಿಥೇಯ ರೋಟರಿ ಕ್ಲಬ್ಬು ತಿಂಗಳಿಗಿಷ್ಟು ಕೊಡುತ್ತದೆ. ಊಟ, ವಸತಿ ನಿಮ್ಮದು.

ಮನೆಯಲ್ಲಿರುವ 18 ತುಂಬಿದ ಎಲ್ಲರ ಹಿನ್ನೆಲೆ ಪರಿಶೀಲನೆ ಆಗುತ್ತದೆ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಕಾರ್ಯಕ್ರಮ ನಡೆಸುವ ಸಂಸ್ಥೆಯ ಸಂಯೋಜಕರು ಮೊದಲೊಮ್ಮೆ ಮನೆ ನೋಡಲು ಬರುತ್ತಾರೆ, ಆಮೇಲೆ ಹೇಳದೆಯೂ ಬರಬಹುದು. ಇದನ್ನು ಅವಮಾನ ಎಂದುಕೊಳ್ಳಬೇಡಿ. ಬೇರೊಬ್ಬರ ಹದಿನಾರರ ಮಗುವನ್ನು ಒಪ್ಪಿಸುವಾಗ ಇಷ್ಟಾದರೂ ನೋಡಲೇಬೇಕು. ಪರಿಶೀಲನೆಯನ್ನೇ ಕೇಳದೆ 'ನೀವು ಗೊತ್ತಿರುವವರೇ ಬಿಡಿ' ಎನ್ನುವ ಸಂಯೋಜಕರಿದ್ದರೆ ಅಲ್ಲೇ ಎಚ್ಚರವಾಗಿ.

ಒಪ್ಪುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾತಾಡಿ. ಮಾಂಸಾಹಾರ, ದೇವರ ಮನೆ, ಮುಟ್ಟಿನ ದಿನಗಳ ಆಚರಣೆ, ಈ ಮೂರರ ವಿಷಯ ಮುಚ್ಚಿಟ್ಟರೆ ಮುಂದೆ ಸಿಡಿಯುತ್ತದೆ. ಮುಟ್ಟಾದಾಗ ಹೊರಗಿರಬೇಕೆನ್ನುವ ಪದ್ಧತಿ ಬಿಗಿಯಾಗಿರುವ ಮನೆಯಾದರೆ ಸಂಯೋಜಕರಿಗೆ ನೇರವಾಗಿ ತಿಳಿಸಿ, ಹುಡುಗಿಯ ಬದಲು ಹುಡುಗನನ್ನೇ ಕಳಿಸಿ ಎಂದು ಕೇಳಿಕೊಳ್ಳಿ.

ಕಾಗದಪತ್ರ: ಗಡುವು ಮೀರಿದರೆ ದಂಡ

ವಿದೇಶಿಯರಿಗೆ ವಸತಿ ಕೊಟ್ಟವರು, ಅದು ಹೋಟೆಲ್ ಇರಲಿ ಮನೆ ಇರಲಿ, ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಸಲ್ಲಿಸಬೇಕು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದ್ದರೂ ಎಲ್ಲರ ಬಾಯಲ್ಲಿ ಇದು ಇನ್ನೂ 'ಸಿ ಫಾರ್ಮ್' ಎಂದೇ ಇದೆ. ಇದಕ್ಕೆ ಮನೆಯವರು ಮೊದಲು ವಿದೇಶಿಯರ ನೋಂದಣಿಯ ಸರ್ಕಾರಿ ಪೋರ್ಟಲ್‌ನಲ್ಲಿ ಖಾತೆ ತೆರೆಯಬೇಕು, ಆ ಖಾತೆಗೆ ಅಧಿಕಾರಿಗಳ ಒಪ್ಪಿಗೆ ಸಿಗಬೇಕು. ಒಪ್ಪಿಗೆಗೆ ದಿನಗಳು ಹಿಡಿಯುವುದರಿಂದ ವಿಮಾನ ಇಳಿದ ಮೇಲೆ ಶುರು ಮಾಡಿದರೆ 24 ಗಂಟೆ ಸಾಲದು. ಮೂರು ವಾರ ಮುಂಚೆಯೇ ಖಾತೆ ಮಾಡಿಟ್ಟುಕೊಳ್ಳಿ. ಆಧಾರ್, ಇತ್ತೀಚಿನ ಕರೆಂಟ್ ಬಿಲ್, ಬಾಡಿಗೆ ಮನೆಯಾದರೆ ಕರಾರು ಪತ್ರ ಸ್ಕ್ಯಾನ್ ಮಾಡಿಡಿ. ವಿದ್ಯಾರ್ಥಿಯ ಪಾಸ್‌ಪೋರ್ಟ್ ಸಂಖ್ಯೆ, ಅದರ ಅವಧಿ, ವೀಸಾ ಸಂಖ್ಯೆ, ಫೋಟೊ ಇವನ್ನು ಮೊದಲೇ ತರಿಸಿಕೊಳ್ಳಿ. ಬಂದ ದಿನ ಇಮಿಗ್ರೇಷನ್ ಮುದ್ರೆಯ ದಿನಾಂಕ ಸೇರಿಸಿ ಸಲ್ಲಿಸಿದರೆ ಮುಗಿಯಿತು.

ಎರಡನೆಯದು ನೋಂದಣಿ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಸಾಮಾನ್ಯವಾಗಿ ಬಂದ 14 ದಿನದೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಬೇಕು. ವೀಸಾ ಚೀಟಿಯ ಮೇಲೇ ಈ ಷರತ್ತು ಅಚ್ಚಾಗಿರುತ್ತದೆ, ಅದನ್ನು ಓದಿ. ಅರ್ಜಿ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ. ಬೆಂಗಳೂರಿನಲ್ಲಿ ಎಫ್‌ಆರ್‌ಆರ್‌ಒ ಕಚೇರಿಯೇ ಇದೆ, ಜಿಲ್ಲೆಗಳಲ್ಲಿ ಇದು ಎಸ್‌ಪಿ ಕಚೇರಿಯ ಕೆಲಸ. ಶಾಲೆಯ ಬೋನಾಫೈಡ್ ಪತ್ರ, ವಿಳಾಸದ ಪುರಾವೆ, ಸಿ ಫಾರ್ಮ್ ಪ್ರತಿ ಬೇಕಾಗುತ್ತವೆ. ಅರ್ಜಿ ವಾಪಸು ಬರುವುದು ಬಹುತೇಕ ಚಿಕ್ಕ ಕಾರಣಕ್ಕೆ: ಬೋನಾಫೈಡ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆ ಇರುವುದಿಲ್ಲ, ಕರೆಂಟ್ ಬಿಲ್ ತಾತನ ಹೆಸರಿನಲ್ಲಿರುತ್ತದೆ. ಶಾಲೆಗೂ ತನ್ನ ಕಡೆಯಿಂದ ವಿವರ ಸಲ್ಲಿಸುವ ಹೊಣೆ ಇದೆ, ನೆನಪಿಸಿ.

ಪಾಸ್‌ಪೋರ್ಟನ್ನು ನೀವು ಇಸಿದುಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಬೀಗವಿರುವ ಕಪಾಟು ಕೊಟ್ಟು ಮಗುವಿನ ಬಳಿಯೇ ಇರಲಿ, ಜೆರಾಕ್ಸ್ ಮಾತ್ರ ನಿಮ್ಮ ಹತ್ತಿರ.

ಬಚ್ಚಲು ಮತ್ತು ಕರೆಂಟು

ಬಂದ ದಿನವೇ ಬಚ್ಚಲಿಗೆ ಕರೆದುಕೊಂಡು ಹೋಗಿ ಕೈಯಾರೆ ತೋರಿಸಿ. ಗೀಸರ್ ಸ್ವಿಚ್ ಹೊರಗಿದೆ ಎಂದು ತಿಳಿಯದೆ ವಾರಗಟ್ಟಲೆ ತಣ್ಣೀರಲ್ಲಿ ಮಿಂದು, ಕೇಳಲು ಸಂಕೋಚಪಟ್ಟು ಸುಮ್ಮನಿರುವ ಮಕ್ಕಳಿದ್ದಾರೆ. ಬಕೆಟ್ಟು, ಚೊಂಬಿನಲ್ಲಿ ಸ್ನಾನ ಹೇಗೆ, ಸೋಲಾರ್ ಬಿಸಿನೀರಿಗೆ ಯಾವ ನಲ್ಲಿ, ಎಷ್ಟು ಹೊತ್ತು ಬಿಡಬೇಕು, ಪ್ಯಾಡ್ ಎಲ್ಲಿ ಹಾಕಬೇಕು, ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆಯೇ, ಎಲ್ಲವನ್ನೂ ಹೇಳಿ.

ನಮ್ಮದು 230 ವೋಲ್ಟ್. ಅಮೆರಿಕದ 120 ವೋಲ್ಟಿನ ಹೇರ್ ಡ್ರೈಯರ್ ಇಲ್ಲಿ ಹಾಕಿದರೆ ಸುಟ್ಟುಹೋಗುತ್ತದೆ, ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ. ಯುರೋಪಿನ ಎರಡು ಪಿನ್ನಿನ ಪ್ಲಗ್ ನಮ್ಮ ಸಾಕೆಟ್ಟಿಗೆ ಕೂರುತ್ತದೆ, ಆದರೆ ಸಡಿಲವಾಗಿದ್ದು ಕಿಡಿ ಹಾರಬಹುದು. ಒಂದು ಒಳ್ಳೆಯ ಅಡಾಪ್ಟರ್ ತಂದಿಡಿ.

ಅಡುಗೆಮನೆ: ಇಲ್ಲಿ ಅಜಾಗ್ರತೆ ಸಲ್ಲದು

ಅರ್ಜಿಯ ಆರೋಗ್ಯ ಪುಟದಲ್ಲಿ ಕಡಲೆಬೀಜದ ಅಲರ್ಜಿ ಎಂದಿದ್ದರೆ ಅಡುಗೆ ಮಾಡುವವರೇ ಅದನ್ನು ಓದಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ಕಡಲೆಬೀಜ ಎಲ್ಲಿಲ್ಲ? ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿಗಳಲ್ಲಿ ಕಣ್ಣಿಗೆ ಕಾಣುತ್ತದೆ, ಆರಿಸಬಹುದು ಎನ್ನಿಸುತ್ತದೆ. ಅಲರ್ಜಿ ಇದ್ದವರಿಗೆ ಆರಿಸಿ ತೆಗೆದದ್ದು ಸಾಲದು. ಎಣ್ಣೆಗಾಯಿಯ ಮಸಾಲೆಯಲ್ಲಿ, ಶೇಂಗಾ ಹಿಂಡಿಯಲ್ಲಿ ಪುಡಿಯಾಗಿ ಸೇರಿರುತ್ತದೆ. ಗಾಣದ ಕಡಲೆಕಾಯಿ ಎಣ್ಣೆಯನ್ನೂ ಬಿಡಬೇಕು. ಎಲ್ಲಕ್ಕಿಂತ ಮೋಸ ಮಾಡುವುದು ಮಿಕ್ಸಿ ಜಾರ್: ನಿನ್ನೆ ಶೇಂಗಾ ಚಟ್ನಿ ರುಬ್ಬಿದ ಜಾರಿನಲ್ಲಿ ಇಂದು ತೆಂಗಿನಕಾಯಿ ಚಟ್ನಿ ಮಾಡಿದರೂ ಬ್ಲೇಡಿನ ಅಡಿ ಉಳಿದ ಚೂರು ಸಾಕು. ಹೊಸ ಜಾರ್, ಹೊಸ ಬಾಣಲೆ ಬೇರೆ ಇಡಿ. ಅಡುಗೆಗೆ ಬರುವವರಿಗೂ, ಮದುವೆ ಮನೆಯಲ್ಲಿ ಬಡಿಸುವವರಿಗೂ ಹೇಳಿ. ಅಲರ್ಜಿಗೆ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು ನಮ್ಮ ಔಷಧದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಎರಡನ್ನಾದರೂ ಊರಿಂದಲೇ ತರಲು ಹೇಳಿ, ಚುಚ್ಚುವುದು ಹೇಗೆಂದು ನೀವೂ ಕಲಿಯಿರಿ. ಇಷ್ಟನ್ನು ವರ್ಷವಿಡೀ ಪಾಲಿಸಲು ಆಗದು ಎನ್ನಿಸಿದರೆ ಬೇರೆ ಮಗುವನ್ನು ಕೇಳುವುದೇ ಮೇಲು.

ಗೋಧಿ ಆಗದವರಿಗೆ ರಾಗಿ, ಜೋಳ, ಅಕ್ಕಿ ಇರುವ ನಮ್ಮ ನಾಡು ಎಷ್ಟೋ ಅನುಕೂಲ. ಆದರೆ ಉಪ್ಪಿಟ್ಟಿನ ರವೆ ಗೋಧಿಯದೇ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ, ಡಬ್ಬಿಯ ಹಿಂದೆ ಓದಿ. ಅಂದರೆ ಅನ್ನ-ಸಾರು ಕೊಟ್ಟೆವು ಎಂದು ನಾವು ನಿಶ್ಚಿಂತರಾಗಿದ್ದಾಗಲೂ ಒಗ್ಗರಣೆಯ ಮೂಲಕ ಗೋಧಿ ಹೋಗಿರುತ್ತದೆ.

ಅಲರ್ಜಿ ಇಲ್ಲದ ಮಕ್ಕಳಿಗೂ ಮೊದಲ ಎರಡು ವಾರ ಖಾರ ಇಳಿಸಿ, ಕುದಿಸಿದ ಅಥವಾ ಫಿಲ್ಟರ್ ನೀರನ್ನೇ ಕೊಡಿ, ಬೀದಿಯ ಪಾನಿಪುರಿ ಸ್ವಲ್ಪ ಕಾಯಲಿ. ಇಡ್ಲಿ, ಮೊಸರನ್ನ, ಬಾಳೆಹಣ್ಣು, ತಿನ್ನುವ ಮನೆಯಾದರೆ ಮೊಟ್ಟೆ. ಬೇಡವೆಂದರೂ ಎರಡು ಬಾರಿ ಬಡಿಸುವ ನಮ್ಮ ಪ್ರೀತಿ ಅವರಿಗೆ ಗೊತ್ತಾಗುವುದಿಲ್ಲ, ಬಿಟ್ಟರೆ ತಪ್ಪೇನೋ ಎಂದು ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾರೆ. 'ಸಾಕು' ಎನ್ನಲು ಮೊದಲ ಊಟದಲ್ಲೇ ಕಲಿಸಿ, ಅದನ್ನು ಅಜ್ಜಿಯೂ ಒಪ್ಪಲಿ.

ಮೊದಲ ರಾತ್ರಿ ಕೂತು ಮಾತಾಡಿ

ರೋಟರಿಯಲ್ಲಿ ಮೊದಲ ರಾತ್ರಿ ಕೇಳುವ ಪ್ರಶ್ನೆಗಳೆಂದೇ ಒಂದು ಪಟ್ಟಿ ಇದೆ. ಆಯಾಸವಾಗಿದೆ, ನಾಳೆ ನೋಡೋಣ ಎಂದು ಮುಂದೂಡಿದರೆ ಆ ನಾಳೆ ಬರುವುದೇ ಇಲ್ಲ. ಊಟವಾದ ಮೇಲೆ ಒಂದು ಗಂಟೆ ಇಡಿ. ನಿಮ್ಮನ್ನು ಏನೆಂದು ಕರೆಯಬೇಕು: ಅಮ್ಮ, ಆಂಟಿ? ಎಷ್ಟು ಗಂಟೆಗೆ ಏಳಬೇಕು? ಫ್ರಿಜ್‌ನಿಂದ ಕೇಳದೆ ಏನು ತೆಗೆಯಬಹುದು? ಬಟ್ಟೆ ಯಾರು ಒಗೆಯುತ್ತಾರೆ, ಒಳಉಡುಪು ಎಲ್ಲಿ ಒಣಹಾಕಬೇಕು? ಸಂಜೆ ಎಷ್ಟರೊಳಗೆ ಮನೆ ಸೇರಬೇಕು? ಗೆಳೆಯರನ್ನು ಕರೆತರಬಹುದೇ? ಮಗುವಿಗೆ ಕೊಡುವ ಎರಡು ಕೆಲಸ ಅಂದೇ ಗೊತ್ತು ಮಾಡಿ, ತನ್ನ ತಟ್ಟೆ ತೊಳೆಯುವುದು, ಗಿಡಕ್ಕೆ ನೀರು ಹಾಕುವುದು ಹೀಗೆ.

ಬಾಗಿಲು ಹಾಕಿಕೊಂಡು ಕೂರುವುದು ಅವರಲ್ಲಿ ಕೋಪದ ಗುರುತಲ್ಲ. ನಾವು ತಟ್ಟದೆ ಒಳನುಗ್ಗುವುದೂ ನಮ್ಮಲ್ಲಿ ತಪ್ಪಲ್ಲ. ಎರಡೂ ಕಡೆಯವರು ಇದನ್ನು ಬಾಯಿಬಿಟ್ಟು ಹೇಳಿಕೊಂಡರೆ ಅರ್ಧ ಮನಸ್ತಾಪ ತಪ್ಪುತ್ತದೆ. ಊರಿಗೆ ದಿನವೂ ವಿಡಿಯೊ ಕಾಲ್ ಮಾಡಿದರೆ ಇಲ್ಲಿ ಬೇರು ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಎಂದು ಮಾತಾಡಿಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಮಾತ್ರ ಈ ಲೆಕ್ಕ ಬಿಡಿ. ಕ್ರಿಸ್‌ಮಸ್ ಆಚರಿಸುವ ಮಕ್ಕಳಿಗೆ ಮನೆ ನೆನಪಾಗಿ ಅಳು ಬರುವುದು ಆಗಲೇ.

ರೋಟರಿಯಲ್ಲಿ ಮದ್ಯ, ಮಾದಕ ವಸ್ತು, ವಾಹನ ಚಾಲನೆ, ಪ್ರೇಮ ಸಂಬಂಧ ನಾಲ್ಕಕ್ಕೂ ನಿಷೇಧವಿದೆ. 'ಖಾಲಿ ರಸ್ತೆ, ಒಂದು ರೌಂಡ್ ಸ್ಕೂಟಿ ಓಡಿಸಲಿ' ಎಂಬ ಅಣ್ಣಂದಿರ ಉತ್ಸಾಹದಿಂದ ಮಗುವನ್ನು ವಾಪಸು ಕಳಿಸುವ ಪ್ರಸಂಗ ಬರಬಹುದು. ಹಿಂದೆ ಕೂರುವಾಗಲೂ ಹೆಲ್ಮೆಟ್ ಬೇಕು.

ಶಾಲೆ, ಮತ್ತು ಕೆಲಸ ನೋಡಿ ಕಲಿಯುವುದು

ಈ ಮಕ್ಕಳಿಗೆ ಅಂಕಕ್ಕಿಂತ ಜೊತೆಗಾರರು ಮುಖ್ಯ. ಬೆಂಚಿನಲ್ಲಿ ಪಕ್ಕ ಕೂರುವ ಒಬ್ಬ ಗೆಳೆಯ ಅಥವಾ ಗೆಳತಿಯನ್ನು ಗೊತ್ತು ಮಾಡಲು ತರಗತಿಯ ಶಿಕ್ಷಕರನ್ನು ಕೇಳಿಕೊಳ್ಳಿ. ಸಂಗೀತ, ಚಿತ್ರಕಲೆ, ಆಟದ ಪೀರಿಯಡ್ ಇರುವ ಶಾಲೆ ಒಳ್ಳೆಯದು.

ದಸರಾ ರಜೆಯಲ್ಲಿ ಮೂರು-ನಾಲ್ಕು ದಿನ ಒಂದು ಕಸುಬನ್ನು ಹತ್ತಿರದಿಂದ ನೋಡುವ ವ್ಯವಸ್ಥೆ ಮಾಡಬಹುದು: ನರ್ಸರಿ, ಮುದ್ರಣಾಲಯ, ಇಳಕಲ್‌ನ ಮಗ್ಗ, ಚನ್ನಪಟ್ಟಣದ ಗೊಂಬೆಯ ಕಾರ್ಖಾನೆ. ವಿದ್ಯಾರ್ಥಿ ವೀಸಾದಲ್ಲಿ ಸಂಪಾದನೆಗೆ ಅವಕಾಶವಿಲ್ಲ, ಆದ್ದರಿಂದ ಕೂಲಿ ಕೊಡುವುದು ಬೇಡ. ಸಂಯೋಜಕರ ಒಪ್ಪಿಗೆ ಪಡೆದು, ಎಷ್ಟರಿಂದ ಎಷ್ಟರವರೆಗೆ, ನೋಡಿಕೊಳ್ಳುವವರು ಯಾರು ಎಂದು ಬರೆದಿಟ್ಟುಕೊಳ್ಳಿ. ಚನ್ನಪಟ್ಟಣದಲ್ಲಿ ತಿರುಗುವ ಕಟ್ಟಿಗೆಗೆ ಅರಗು ಒತ್ತಿದಾಗ ಆ ಬಿಸಿಗೆ ಬಣ್ಣ ಕರಗಿ ಹತ್ತುವುದನ್ನು, ಆಮೇಲೆ ತಾಳೆಗರಿ ಹಿಡಿದು ಹೊಳಪು ತರುವುದನ್ನು ಮಗು ಪಕ್ಕದಲ್ಲಿ ನಿಂತು ನೋಡಲಿ, ಯಂತ್ರಕ್ಕೆ ಕೈ ಹಾಕುವುದು ಬೇಡ. ಉದ್ದ ಕೂದಲು ಕಟ್ಟಿರಬೇಕು, ದುಪಟ್ಟಾ ಇರಬಾರದು. ಬಿಡಿಭಾಗ ವಿಂಗಡಿಸುವುದು, ಪೊಟ್ಟಣ ಕಟ್ಟುವುದರಲ್ಲಿ ಕೈ ಜೋಡಿಸಬಹುದು.

ಜ್ವರ, ನಾಯಿ, ಓಡಾಟ

ಮಳೆಗಾಲದ ಜ್ವರಕ್ಕೆ ಊರಿಂದ ತಂದ ಐಬುಪ್ರೊಫೆನ್ ನುಂಗಲು ಬಿಡಬೇಡಿ. ಡೆಂಗಿ ಇದ್ದರೆ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು ವೈದ್ಯರಿಗೆ ತೋರಿಸಿ. ಬೀದಿನಾಯಿಯನ್ನು ಮುದ್ದು ಮಾಡುವ ಅಭ್ಯಾಸ ಈ ಮಕ್ಕಳಲ್ಲಿ ಹೆಚ್ಚು, ನಮ್ಮಲ್ಲಿ ರೇಬಿಸ್ ಇದೆಯೆಂದು ಮೊದಲ ದಿನವೇ ಹೇಳಿ. ನಾಯಿಯೋ ಕೋತಿಯೋ ಪರಚಿದರೂ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು.

ಊರು ಬಿಟ್ಟು ಪ್ರವಾಸ ಹೋಗುವಾಗ ಸಂಯೋಜಕರ ಲಿಖಿತ ಒಪ್ಪಿಗೆ ಇರಲಿ. ಬೈಲಕುಪ್ಪೆಯ ಚಿನ್ನದ ದೇಗುಲವನ್ನು ಹಗಲಲ್ಲಿ ನೋಡಿ ಬರಬಹುದು, ಟಿಬೆಟನ್ ಶಿಬಿರದೊಳಗೆ ರಾತ್ರಿ ಉಳಿಯಬೇಕಾದರೆ ವಿದೇಶಿಯರಿಗೆ ಗೃಹ ಸಚಿವಾಲಯದ ಪರವಾನಗಿ ಬೇಕು. ಪ್ರತಿ ಮದುವೆ, ಗೃಹಪ್ರವೇಶಕ್ಕೂ ಮಗುವನ್ನು ಕರೆದೊಯ್ದು ನೆಂಟರ ಸೆಲ್ಫಿಗೆ ನಿಲ್ಲಿಸುವುದು ಬೇಡ. ಮಗುವಿನ ಫೋಟೊವನ್ನು ಜಾಲತಾಣದಲ್ಲಿ ಹಾಕುವ ಮುನ್ನ ಮಗುವನ್ನೇ ಕೇಳಿ.

ಯಾರಾದರೂ ಮೈ ಮುಟ್ಟಿದರು, ಅಸಭ್ಯವಾಗಿ ಮಾತಾಡಿದರು ಎಂದು ಮಗು ಹೇಳಿದರೆ 'ಅವರು ಹಾಗಲ್ಲ' ಎಂದು ಸಮಾಧಾನಪಡಿಸಲು ಹೋಗಬೇಡಿ. ಕೇಳಿಸಿಕೊಳ್ಳಿ, ಹೇಳಿದ್ದನ್ನು ಹಾಗೆಯೇ ಬರೆದಿಡಿ, ಅಂದೇ ಸಂಯೋಜಕರಿಗೆ ತಿಳಿಸಿ. 18 ತುಂಬದ ವಿದೇಶಿ ಮಗುವಿಗೂ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ, ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಎರಡನ್ನೂ ಮಗುವಿನ ಫೋನಿನಲ್ಲಿ ಮೊದಲ ದಿನವೇ ಹಾಕಿಕೊಡಿ.

ಮುಂದಿನ ಮನೆಗೆ ಕಳಿಸುವಾಗ

ರೋಟರಿಯ ವರ್ಷದ ವಿನಿಮಯದಲ್ಲಿ ಮಗು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುತ್ತದೆ. ಪ್ರತಿ ಬಾರಿ ಮನೆ ಬದಲಾದಾಗಲೂ ಹೊಸ ಮನೆಯವರು 24 ಗಂಟೆಯೊಳಗೆ ಸಿ ಫಾರ್ಮ್ ಮತ್ತೆ ಹಾಕಬೇಕು, ಎಫ್‌ಆರ್‌ಆರ್‌ಒದಲ್ಲಿ ವಿಳಾಸ ತಿದ್ದಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಜೊತೆಗೆ ಹೊಸ ಮನೆಯವರಿಗೆ ಒಂದು ಹಾಳೆ ಬರೆದುಕೊಡಿ: ನುಂಗುವ ಮಾತ್ರೆಗಳಲ್ಲಿರುವ ಔಷಧದ ಹೆಸರು (ಬ್ರ್ಯಾಂಡ್ ಹೆಸರಲ್ಲ), ಇಷ್ಟವಾದ ಮತ್ತು ಹೊಟ್ಟೆಗೆ ಆಗದ ತಿಂಡಿಗಳು, ಮಾಡಲು ಕಲಿತ ಮನೆಗೆಲಸ, ಶಾಲೆಯ ಗೆಳೆಯರ ಮನೆಯ ಫೋನ್ ನಂಬರು. ಹಾಳೆಯನ್ನು ಮಗುವಿಗೆ ಮೊದಲು ಓದಿ ಹೇಳಿ, ಅದು ಬೇಡವೆಂದದ್ದನ್ನು ತೆಗೆದು ಆಮೇಲೆ ಕೊಡಿ. ಅಲರ್ಜಿ ಮತ್ತು ಮಾತ್ರೆಯ ಸಾಲುಗಳನ್ನು ಮಾತ್ರ ಏನೇ ಆದರೂ ಉಳಿಸಿಕೊಳ್ಳಿ.