ಹುಲ್ಲು ಹಿಂಡಿ ನೋಡಿ, ಆಮೇಲೆ ಬೀಜ ಹಾಕಿ

ಚಿಪ್ಪಣಬೆ ಬೆಳೆಯಬೇಕೆಂದು ಬರುವವರೆಲ್ಲ ಮೊದಲು ಬೀಜದ ಮಾತೆತ್ತುತ್ತಾರೆ. ನಾನು ಹುಲ್ಲಿನ ಮಾತೆತ್ತುತ್ತೇನೆ. ನಾನು ಮೊದಲ ಸಲ ಕಟ್ಟಿದ ಆರು ಚೀಲಗಳಲ್ಲಿ ನಾಲ್ಕು ಹಸಿರು ಬೂಷ್ಟು ಹಿಡಿದು ನೇರ ಗೊಬ್ಬರಗುಂಡಿಗೆ ಹೋದವು. ಬೀಜ ಚೆನ್ನಾಗಿಯೇ ಇತ್ತು, ಹುಲ್ಲಿನಲ್ಲಿ ನೀರು ಹೆಚ್ಚಾಗಿತ್ತು.

ಮಳೆಗೆ ಸಿಕ್ಕದ, ಹೊಂಬಣ್ಣದ ಹೊಸ ಭತ್ತದ ಹುಲ್ಲೇ ಬೇಕು. ಬಣವೆಯ ತಳದ ಕಪ್ಪು ಹುಲ್ಲನ್ನು ದನವೇ ಮೂಸುವುದಿಲ್ಲ, ಅಣಬೆ ಎಲ್ಲಿಂದ ಬಂದೀತು? ಎರಡಂಗುಲದ ತುಂಡು ಮಾಡಿ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ. ಹಂಡೆಯಲ್ಲಿ ಬೇರೆ ನೀರಿಟ್ಟು, 80 ಡಿಗ್ರಿಯಷ್ಟು ಬಿಸಿಯಲ್ಲಿ ಒಂದು ಗಂಟೆ ಮುಳುಗಿಸಿಡಿ. ಕೊತಕೊತ ಕುದಿಸಬೇಕಾಗಿಲ್ಲ. ಹುಲ್ಲು ತೇಲುತ್ತದೆ, ಮೇಲೊಂದು ಭಾರ ಹೇರಿ. ಆಮೇಲೆ ಬಿದಿರು ಬುಟ್ಟಿಯಲ್ಲಿ ಬಸಿದು, ಒಗೆದ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ.

ಇನ್ನು ಅವಸರ ಮಾಡಬೇಡಿ. ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನಷ್ಟು ಆರಬೇಕು. ಹನಿ ಬೀಳದೆ ಅಂಗೈ ಮಾತ್ರ ತೇವವಾದರೆ ಹದ ಬಂತು. ಅಂಗೈ ಒಣಗಿಯೇ ಉಳಿದರೆ ಅತಿಯಾಗಿ ಆರಿಸಿದ್ದೀರಿ, ಕಾಯಿಸಿ ಆರಿಸಿದ ನೀರು ಚಿಮುಕಿಸಿ.

ಒಂದು ಕಿಲೋ ಒಣಹುಲ್ಲಿಗೆ 100 ಗ್ರಾಂ ಬೀಜ ಸಾಕು. ಬೀಜವೆಂದರೆ ಬಿಳಿ ಎಳೆ ಹಬ್ಬಿದ ಜೋಳದ ಕಾಳು. ಬೆಂಗಳೂರಿನ ಸುತ್ತಮುತ್ತಲಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಕೈ ಸೋಪಿನಲ್ಲಿ ತೊಳೆದು, ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ಒತ್ತಿ ತುಂಬಿ. ಬಾಯಿ ಕಟ್ಟಿ, ಸೂಜಿಯಿಂದ ಹತ್ತು ಹನ್ನೆರಡು ತೂತು ಮಾಡಿ ಕತ್ತಲ ಮೂಲೆಯಲ್ಲಿಡಿ.

ಹದಿನೈದು ಇಪ್ಪತ್ತು ದಿನ ಅದರ ತಂಟೆಗೆ ಹೋಗಬೇಡಿ. ನಮ್ಮ ಮನೆಯವರು ದಿನಕ್ಕೆರಡು ಸಲ ಗಂಟು ಬಿಚ್ಚಿ ಇಣುಕುತ್ತಿದ್ದರು. ಹಾಲಿಗೆ ಹೆಪ್ಪು ಹಾಕಿ ಗಂಟೆಗೊಮ್ಮೆ ಕಲಕುವವರುಂಟೆ? ಹಸಿರು ಕಲೆ ಕಂಡ ಚೀಲವನ್ನು ಮಾತ್ರ ಬಿಚ್ಚದೆಯೇ ಹೊರಗೆ ಸಾಗಿಸಿ.

ಹುಲ್ಲೆಲ್ಲ ಬೆಳ್ಳಗಾಗಿ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಸೀಳಿ ತೆಗೆದು, ಗಾಳಿ ಮತ್ತು ಮಂದ ಬೆಳಕು ಬರುವಲ್ಲಿ ತೂಗುಹಾಕಿ. ನಮ್ಮಲ್ಲಿ ಬಚ್ಚಲಿನ ಪಕ್ಕದ ಪಡಸಾಲೆ ಒದಗಿತು. ಸುತ್ತ ಒದ್ದೆ ಗೋಣಿ ಕಟ್ಟಿ, ದಿನಕ್ಕೆ ಎರಡು ಮೂರು ಸಲ ಮಂಜಿನಂತೆ ನೀರು ಸಿಂಪಡಿಸಿ. ನಾಲ್ಕೈದು ದಿನಕ್ಕೆ ಗುಂಡುಸೂಜಿಯ ತಲೆಯಂತಹ ಮೊಗ್ಗು ಏಳುತ್ತವೆ. ಕಾಂಡ ಉದ್ದವಾಗಿ ಟೋಪಿ ಚಿಕ್ಕದಾಗಿಯೇ ಉಳಿದರೆ ಗಾಳಿ ಸಾಲದೆಂದು ತಿಳಿಯಿರಿ, ಕಿಟಕಿ ತೆರೆಯಿರಿ.

ಅಂಚು ಮೇಲಕ್ಕೆ ಮಡಚುವ ಮೊದಲೇ ಬುಡ ಹಿಡಿದು ತಿರುಚಿ ಕೀಳಿ. ತಡವಾದರೆ ಬಿಳಿ ಪುಡಿ ಉದುರುತ್ತದೆ, ಕೆಲವರಿಗೆ ಅದರಿಂದ ಕೆಮ್ಮು ಹತ್ತುತ್ತದೆ. ಕೀಳುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಡುವೆ ಕಪ್ಪು ತಲೆಯ, ಮಸಿಯಂತೆ ಕರಗುವ ಸಣಕಲು ನಾಯಿಕೊಡೆ ಕಂಡರೆ ಕಿತ್ತೆಸೆಯಿರಿ, ಅಡುಗೆಮನೆಗೆ ತರಬೇಡಿ. ವಾರ ಹತ್ತು ದಿನಕ್ಕೊಮ್ಮೆಯಂತೆ ಮೂರು ಫಸಲು ಬರುತ್ತದೆ. ಮೊದಲನೆಯದೇ ದೊಡ್ಡದು, ಮೂರನೆಯದು ಒಂದು ಹೊತ್ತಿನ ಪಲ್ಯಕ್ಕೆ ಸಾಲುವಷ್ಟು. ಉಳಿದ ಹುಲ್ಲನ್ನು ನಾನು ಕರಿಬೇವಿನ ಬುಡಕ್ಕೆ ಸುರಿಯುತ್ತೇನೆ.